ಉಳಿತಾಯದ ಕಾರು

"ಪೆಟ್ರೋಲ್ 100 ದಾಟಿ ಎಷ್ಟು ಕಾಲವಾಯ್ತು! ಇನ್ನು ತಡೆಯೋಕಾಗಲ್ಲ ಕಣೇ, ಹೈಬ್ರಿಡ್ ತಗೊಂಡ್‌ಬಿಡೋಣ."

"ಪ್ಲಗ್ ಎಲ್ರೀ ಹಾಕೋದು? ಮಿಕ್ಸಿ ಪಕ್ಕದ್ದು ಲೂಸಾಗಿದೆ."

"ಪ್ಲಗ್ಗೇ ಬೇಡ. ಬ್ರೇಕ್ ಒತ್ತಿದಾಗೆಲ್ಲ ಬ್ಯಾಟರಿ ತಾನೇ ಚಾರ್ಜ್ ಆಗತ್ತೆ. ಸಿಗ್ನಲ್‌ನಲ್ಲಿ ನಿಂತ್ರೆ ಎಂಜಿನ್ ಆಫ್. ಸಿಲ್ಕ್ ಬೋರ್ಡಿಗೆ ಅಂತಲೇ ಹುಟ್ಟಿದ ಗಾಡಿ!"

(ಶೋರೂಮಿನ ಹುಡುಗ ಒಪ್ಪಿಸಿದ ಪಾಠ. ರಾಯರಿಗೆ ಒಂದಕ್ಷರ ತಪ್ಪಲಿಲ್ಲ.)

"ನೀವು ಆಫೀಸಿಗೆ ಹೋಗೋದು ಮೆಟ್ರೋದಲ್ಲಿ. ಕಾರು ತಿಂಗಳಿಗೆ 400 ಕಿಲೋಮೀಟರ್ ಓಡಿದ್ರೆ ಹೆಚ್ಚು. ಬೆಲೆ ಎಷ್ಟು ಜಾಸ್ತಿ?"

"ಮಾಮೂಲಿ ಗಾಡಿಗಿಂತ ಬರೀ 3 ಲಕ್ಷ. ಮೈಲೇಜ್ 12 ಇದ್ದದ್ದು 24 ಆಗತ್ತೆ!"

"ಆ 3 ಲಕ್ಷಕ್ಕೂ ಲೈಫ್ ಟ್ಯಾಕ್ಸ್ ಬೇರೆ."

ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಕೆಳಗೇ ಆಕೆ ಗುಣಿಸಿ, ಭಾಗಿಸಿದರು. "ತಿಂಗಳಿಗೆ ಉಳಿಯೋದು 1,700. ಟ್ಯಾಕ್ಸ್ ಬಿಟ್ರೂ ಹಾಕಿದ ದುಡ್ಡು ವಾಪಸ್ ಬರೋಕೆ ಹೆಚ್ಚುಕಮ್ಮಿ 15 ವರ್ಷ."

"ಆಮೇಲೆ ಪೂರಾ ಲಾಭ ತಾನೇ?"

"15 ವರ್ಷಕ್ಕೆ ಆರ್‌ಸಿನೂ ಮುಗಿಯತ್ತಲ್ರೀ."

ರಾಯರು ಸ್ವಲ್ಪ ಹೊತ್ತು ಫ್ಯಾನ್ ನೋಡಿದರು. "ಸರಿ, ಬಿಳಿ ತಗೊಳ್ಳೋಣ್ವಾ, ಬೂದು ಬಣ್ಣದ್ದಾ?"

"ನಮ್ಮಣ್ಣನ ಮನೆ ಮುಂದೆ ನಿಲ್ಸೋಕೆ ಕೆಂಪಾದ್ರೆ ಎದ್ದು ಕಾಣತ್ತೆ."