ಪಕ್ಕದ ಮಂಚದ ಯಜಮಾನರಿಗೊಂದು ಬಹಿರಂಗ ಪತ್ರ

ಯಜಮಾನರೇ,

ಉಭಯಕುಶಲೋಪರಿ ಎಂದು ಶುರು ಮಾಡುವುದು ನಮ್ಮ ತಂದೆಯವರ ಕಾಲದ ಪದ್ಧತಿ. ಇಲ್ಲಿ ನಾನು ಕುಶಲ. ರಾತ್ರಿ ಮಲಗುತ್ತಿದ್ದೇನೆ, ಬೆಳಿಗ್ಗೆ ಏಳುತ್ತಿದ್ದೇನೆ, ನಡುವೆ ಏನೂ ಆಗುತ್ತಿಲ್ಲ. ನಿಮ್ಮ ಕುಶಲದ ಬಗ್ಗೆ ಮಾತ್ರ ನನಗೆ ಅನುಮಾನ. ಅದನ್ನು ಕಿವಿಯಲ್ಲಿ ಹೇಳಬಹುದಿತ್ತು. ಹೇಳಿದರೆ ನೀವು ‘ನಾನಾ? ಗೊರಕೆನಾ? ಸುಸ್ತಾದಾಗ ಸ್ವಲ್ಪ ಉಸಿರಾಟ ಜೋರಾಗುತ್ತೆ, ಅಷ್ಟೆ’ ಅನ್ನುತ್ತೀರಿ. ಗೊರಕೆ ಹೊಡೆಯುವವರೆಲ್ಲ ಅನ್ನುವುದು ಅದನ್ನೇ. ಹಾಗಾಗಿ ಹತ್ತು ಜನರ ಎದುರಿಗೆ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ. ಹಾಕಿದ್ದರೂ ಅದೇ ಹೆಸರಿನ ಇನ್ಯಾರಿಗೋ ಬರೆದದ್ದು ಎಂದುಕೊಂಡು ನೀವು ಪುಟ ತಿರುವುತ್ತಿದ್ದಿರಿ.

ಕಾಶಿ, ಪ್ರಯಾಗ, ಗಯಾ ಯಾತ್ರೆಗೆ ನಾವಿಬ್ಬರೂ ಒಂಟಿಯಾಗಿ ಹೆಸರು ಕೊಟ್ಟವರು. ಒಂಟಿಯಾಗಿ ಬಂದವರನ್ನು ಜೋಡಿ ಮಾಡಿ ಒಂದೇ ಕೋಣೆಗೆ ಹಾಕುವುದಕ್ಕೆ ಟೂರಿನವರು ಟ್ವಿನ್ ಶೇರಿಂಗ್ ಅನ್ನುತ್ತಾರೆ. ಜಾತಕ ನೋಡುವುದಿಲ್ಲ. ಹಾಗಂತ ಅರ್ಜಿಯಲ್ಲಿ ಏನೂ ಕೇಳಲಿಲ್ಲ ಎನ್ನುವ ಹಾಗಿಲ್ಲ. ಆಧಾರ್ ಸಂಖ್ಯೆ ಕೇಳಿದ್ದರು. ಬಿಪಿ ಇದೆಯೇ, ಶುಗರ್ ಇದೆಯೇ, ಈರುಳ್ಳಿ ಬೆಳ್ಳುಳ್ಳಿ ತಿನ್ನುತ್ತೀರಾ, ರೈಲಿನಲ್ಲಿ ಲೋಯರ್ ಬರ್ತ್ ಆಗಲೇಬೇಕೇ, ಗಯೆಯಲ್ಲಿ ಪಿಂಡಪ್ರದಾನ ಮಾಡಿಸುತ್ತೀರಾ, ಮಾಡಿಸುವುದಾದರೆ ಮೂರು ತಲೆಮಾರಿನ ಹೆಸರು ಬರೆದುಕೊಂಡು ಬನ್ನಿ. ತೀರಿಕೊಂಡ ಮುತ್ತಜ್ಜನ ಹೆಸರು ಬೇಕಾಗಿದ್ದವರಿಗೆ ಬದುಕಿರುವ ಮನುಷ್ಯ ರಾತ್ರಿ ಹೊತ್ತು ಏನು ಮಾಡುತ್ತಾನೆ ಎನ್ನುವುದು ಬೇಕಾಗಿರಲಿಲ್ಲ. ಬೇರೆ ಕೋಣೆ ಬೇಕೆಂದರೆ ಕೊಡುತ್ತಾರೆ, ಹೆಚ್ಚಿಗೆ ದುಡ್ಡು ಕಟ್ಟಬೇಕು. ಆ ಮೊತ್ತ ನೋಡಿದ ಮೇಲೆ ಯಾರೂ ಕೇಳುವುದಿಲ್ಲ.

ಈ ವಿಷಯದಲ್ಲಿ ರಾವಣನೇ ಮೇಲು. ಕುಂಭಕರ್ಣನಿಗೆ ನಿದ್ದೆ ತಡೆಯಲಾಗದೆ ಹೋದಾಗ, ನನಗೊಂದು ಮನೆ ಕಟ್ಟಿಸಿಕೊಡು ಅಂತ ಅಣ್ಣನನ್ನು ಕೇಳಿದನಂತೆ. ಅಣ್ಣ ಶಿಲ್ಪಿಗಳನ್ನು ಕರೆಸಿ ಪ್ರತ್ಯೇಕ ಅರಮನೆಯನ್ನೇ ಕಟ್ಟಿಸಿಕೊಟ್ಟ. ಉತ್ತರಕಾಂಡದಲ್ಲಿದೆ. ಯುದ್ಧಕಾಂಡದಲ್ಲಿ ಅವನನ್ನು ಎಬ್ಬಿಸಲು ಹೋದ ರಾಕ್ಷಸರು ಅವನ ಉಸಿರಿನ ರಭಸಕ್ಕೆ ಹಿಂದಕ್ಕೆ ತಳ್ಳಿಸಿಕೊಳ್ಳುತ್ತಾರೆ. ಅಂಥವನ ಪಕ್ಕದಲ್ಲಿ ಇನ್ನೊಂದು ಮಂಚ ಹಾಕಿ, ಹೇಗೂ ಜಾಗ ಇದೆಯಲ್ಲ ಎಂದು ವಿಭೀಷಣನನ್ನು ಅದರ ಮೇಲೆ ಮಲಗಿಸುವ ಯೋಚನೆ ರಾವಣನಿಗೆ ಬರಲಿಲ್ಲ. ಬಂದಿದ್ದರೆ ವಿಭೀಷಣ ಇನ್ನೂ ಮುಂಚೆಯೇ ಪಕ್ಷ ಬದಲಿಸುತ್ತಿದ್ದ.

ನಿಮ್ಮ ಸಜ್ಜನಿಕೆಯಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಮೊದಲನೇ ರಾತ್ರಿ ಪ್ರತಿಯೊಂದನ್ನೂ ಕೇಳಿ ಕೇಳಿ ಮಾಡಿದಿರಿ. ‘ಫ್ಯಾನ್ ಇಷ್ಟೇ ಇರಲಾ ಸಾರ್?’ ‘ಬಾತ್‌ರೂಮ್ ದೀಪ ಹಾಕಿರಲಾ, ನಿಮಗೆ ತೊಂದರೆ ಆಗಲ್ವಾ?’ ಮೊಬೈಲನ್ನು ಸೈಲೆಂಟಿಗೆ ಹಾಕಿದಿರಿ, ಪಾಪ, ನನ್ನ ನಿದ್ದೆ ಕೆಡಬಾರದೆಂದು. ಹಣೆಗೆ ಅಮೃತಾಂಜನ ಹಚ್ಚಿಕೊಂಡು, ಕೆಟ್ಟ ಕನಸು ಬೀಳದಿರಲೆಂದು ಹೇಳುವ ಶ್ಲೋಕ ಹೇಳಿಕೊಂಡಿರಿ. ಶ್ಲೋಕ ನಿಮಗಿಂತ ನನಗೇ ಹೆಚ್ಚು ಫಲ ಕೊಟ್ಟಿತು. ಯಾತ್ರೆ ಮುಗಿಯುವವರೆಗೆ ನನಗೊಂದೂ ಕೆಟ್ಟ ಕನಸು ಬೀಳಲಿಲ್ಲ. ಕನಸು ಬೀಳಲು ನಿದ್ದೆ ಬರಬೇಕಲ್ಲ.

ಹೊಸ ಜಾಗದಲ್ಲಿ ಮೊದಲ ರಾತ್ರಿ ಯಾರಿಗೂ ಪೂರ್ತಿ ನಿದ್ದೆ ಬರುವುದಿಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ಇದನ್ನು ಪರೀಕ್ಷೆ ಮಾಡಿ, ಅಪರಿಚಿತ ಜಾಗದಲ್ಲಿ ಮಿದುಳಿನ ಒಂದು ಅರ್ಧ ಇನ್ನೊಂದರಷ್ಟು ಗಾಢವಾಗಿ ಮಲಗುವುದಿಲ್ಲ, ಕಾವಲು ಕಾಯುತ್ತಿರುತ್ತದೆ ಎಂದು ಕಂಡುಕೊಂಡರು. ನನ್ನದು ಎರಡೂ ಅರ್ಧ ಕಾವಲಿಗೆ ನಿಂತವು. ಕೈಗೆ ಸಿಕ್ಕಿದ್ದನ್ನೆಲ್ಲ ಪ್ರಯೋಗಿಸಿ ನೋಡಿದೆ. ಕೆಮ್ಮಿದೆ. ‘ಹೂಂ’ ಅಂದೆ. ದೀಪ ಹಾಕಿದೆ, ಆರಿಸಿದೆ. ಎದ್ದು ಹೋಗಿ ಬಚ್ಚಲಿನ ನಲ್ಲಿ ಜೋರಾಗಿ ಬಿಟ್ಟು ಬಂದೆ. ಮಂಚದ ಕಾಲಿಗೆ ಚಪ್ಪಲಿಯಿಂದ ಬಡಿದೆ. ಪ್ರತಿ ಸಲವೂ ನೀವು ಒಂದು ಕ್ಷಣ ನಿಲ್ಲಿಸಿ, ನನ್ನ ಅಹವಾಲನ್ನು ಪರಿಶೀಲಿಸಿದವರಂತೆ ಗಂಟಲು ಸರಿಮಾಡಿಕೊಂಡು, ಇನ್ನೂ ಕೆಳಗಿನ ಶ್ರುತಿಯಲ್ಲಿ ಮುಂದುವರಿಸಿದಿರಿ. ಹೊದಿಕೆ ಎಳೆದರೆ ನಿದ್ದೆಯಲ್ಲೇ ‘ಥ್ಯಾಂಕ್ಸ್’ ಅಂದಿರಿ.

ಕಾನೂನೂ ನನ್ನ ಕಡೆಯೇ ಇತ್ತು ನೋಡಿ. ಕೇಂದ್ರ ಸರ್ಕಾರ 2000ರಲ್ಲಿ ಮಾಡಿದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 45 ಡೆಸಿಬಲ್ ದಾಟಬಾರದು. ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪ್ ಇಳಿಸಿಕೊಂಡು ನೋಡಿದೆ, ಮುಳ್ಳು ಅರವತ್ತರ ಆಚೆಯೇ ಇತ್ತು. ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರು ಎಂದೂ ಆ ನಿಯಮ ಹೇಳುತ್ತದೆ. ರೈಲಿನಲ್ಲಿ ಮಿಡಲ್ ಬರ್ತ್ ಬಿಡಿಸಿಕೊಳ್ಳುವ ಹೊತ್ತೂ ಅದೇ. ನಿಮ್ಮ ಕಾರ್ಯಕ್ರಮವೂ ಹತ್ತಕ್ಕೆ ಶುರುವಾಗಿ ಆರಕ್ಕೆ ಮುಗಿಯುತ್ತಿತ್ತು. ಇಷ್ಟು ಕಟ್ಟುನಿಟ್ಟಾಗಿ ಸರ್ಕಾರದ ವೇಳಾಪಟ್ಟಿ ಪಾಲಿಸುವವರನ್ನು ನಾನು ನೋಡಿರಲಿಲ್ಲ.

ನಮ್ಮ ತಂಡದ ತಾಯಿಯೊಬ್ಬರು ದೀಪದ ಬತ್ತಿಗೆಂದು ತಂದಿದ್ದ ಹತ್ತಿಯಲ್ಲಿ ಸ್ವಲ್ಪ ಕೊಟ್ಟರು. ಹತ್ತಿಯಿಂದ ಕಿವಿ ಬೆಚ್ಚಗಾಯಿತು, ಇನ್ನೇನೂ ಆಗಲಿಲ್ಲ. ಆಮೇಲೆ ಗೋದೌಲಿಯಾ ಚೌಕದ ಹತ್ತಿರ ಔಷಧಿ ಅಂಗಡಿಯಲ್ಲಿ, ನನಗೆ ಬರುವಷ್ಟು ಹಿಂದಿ ಮತ್ತು ಎರಡೂ ಕೈ ಬಳಸಿ, ಕಿವಿಗೆ ಹಾಕುವ ಸ್ಪಂಜಿನ ಬಿರಡೆ ಕೊಂಡೆ. ಇದನ್ನು ಸುಮ್ಮನೆ ತುರುಕಿದರೆ ಪ್ರಯೋಜನವಿಲ್ಲ. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿಕೊಂಡು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆದು ಹಿಡಿದು, ಒಳಗಿಟ್ಟು, ಅದು ಉಬ್ಬುವವರೆಗೆ ಬೆರಳು ಒತ್ತಿಕೊಂಡಿರಬೇಕು. ಡಬ್ಬಿಯ ಮೇಲೆ 30 ಡೆಸಿಬಲ್ಲಿನಷ್ಟು ಕಡಿಮೆ ಮಾಡುತ್ತದೆ ಎಂದು ಬರೆದಿರುತ್ತಾರೆ. ನಿಜವಾದ ಕಿವಿಯಲ್ಲಿ ಅದರ ಅರ್ಧ ಸಿಕ್ಕರೆ ಪುಣ್ಯ. ಗೊರಕೆಯ ತಗ್ಗು ಸದ್ದಂತೂ ಬಿರಡೆ ದಾಟಿ ಒಳಗೆ ಬರುತ್ತದೆ, ಕಿವಿಯ ಅಪ್ಪಣೆ ಕೇಳುವುದಿಲ್ಲ. ನೀವು ಅಂಗಾತ ಮಲಗದೆ ಪಕ್ಕಕ್ಕೆ ತಿರುಗಿದರೆ ನಾಲಿಗೆ ಹಿಂದಕ್ಕೆ ಜಾರುವುದಿಲ್ಲ, ಸದ್ದು ಇಳಿಯುತ್ತದೆ. ತಿರುಗದ ಗಂಡಂದಿರ ಬನಿಯನ್ ಬೆನ್ನಿಗೆ ಟೆನಿಸ್ ಚೆಂಡು ಹೊಲಿಯುವ ಪದ್ಧತಿ ಬೇರೆ ದೇಶಗಳಲ್ಲಿ ಇದೆ. ಕಾಶಿಯಲ್ಲಿ ನೀವು ಚೌಕಾಸಿ ಮಾಡಿ ಕೊಂಡ ಆ ದಪ್ಪ ರುದ್ರಾಕ್ಷಿ ಸರವನ್ನು ಕೊರಳಿನ ಬದಲು ಬೆನ್ನಿಗೆ ಕಟ್ಟಿಕೊಂಡಿದ್ದರೆ ಇಬ್ಬರಿಗೂ ಶಿವಸಾಯುಜ್ಯ ಸಿಗುತ್ತಿತ್ತು.

ಉಪಕಾರವಾಗಲಿಲ್ಲ ಎನ್ನಲಾರೆ. ವಿಶ್ವನಾಥನಿಗೆ ಬೆಳಗಿನ ಜಾವ ಮೂರಕ್ಕೆ ಮಂಗಳಾರತಿ. ತಂಡದವರು ಅಲಾರಂ ಇಟ್ಟುಕೊಂಡು, ಒಬ್ಬರನ್ನೊಬ್ಬರು ಎಬ್ಬಿಸಲು ಮಾತುಕೊಟ್ಟು ಮಲಗಿದರು. ಅರ್ಧದಷ್ಟು ಜನ ತಪ್ಪಿಸಿಕೊಂಡರು. ನಾನು ಸ್ನಾನ ಮುಗಿಸಿ, ವಿಭೂತಿ ಧರಿಸಿ, ಒಂದೂವರೆಗೇ ಲಾಬಿಯಲ್ಲಿ ಕೂತಿದ್ದೆ. ‘ಏನು ಭಕ್ತಿ ಸಾರ್ ನಿಮ್ಮದು’ ಎಂದು ಟೂರಿನ ಮ್ಯಾನೇಜರು ಕೈಮುಗಿದ. ಕೋಣೆ ಬದಲಿಸಿಕೊಡಪ್ಪ ಎಂದೆ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್, ಇವತ್ತೊಂದು ರಾತ್ರಿ’ ಅಂದ. ಪ್ರತಿ ರಾತ್ರಿಯೂ ಅವನಿಗೆ ಇವತ್ತೊಂದು ರಾತ್ರಿಯೇ.

ಅದೆಲ್ಲ ಸಹಿಸಿಕೊಂಡೆ. ಸಹಿಸಲಾಗದ್ದು ತಿಂಡಿಯ ಹೊತ್ತಿನ ನಿಮ್ಮ ಮಾತು. ಉಪ್ಪಿಟ್ಟಿನ ತಟ್ಟೆ ಹಿಡಿದು ಎಲ್ಲರ ನಡುವೆ ಕೂತು, ‘ರಾತ್ರಿ ಕಣ್ಣೇ ಮುಚ್ಚಲಿಲ್ಲ ನೋಡಿ, ಹೊಸ ಜಾಗ’ ಎಂದು ಆಕಳಿಸಿದಿರಿ. ಹೆಂಗಸರೆಲ್ಲ ಲೊಚಗುಟ್ಟಿ ನಿಮಗೆ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದರು. ನನ್ನ ಕೆಂಪು ಕಣ್ಣು ಯಾರಿಗೂ ಕಾಣಲಿಲ್ಲ. ಆಮೇಲೆ ದಶಾಶ್ವಮೇಧ ಘಾಟಿನ ಎದುರು ದೋಣಿಯಲ್ಲಿ ಕೂತು ಗಂಗಾರತಿ ನೋಡುವಾಗ, ಶಂಖ ಜಾಗಟೆಗಳ ಮಧ್ಯೆ, ನೀವು ನನ್ನ ಭುಜದ ಮೇಲೆ ನಿದ್ದೆ ಹೋದಿರಿ. ಗಯೆಯ ವಿಷ್ಣುಪಾದದಲ್ಲಿ ಪಂಡ ನಿಮ್ಮ ಗೋತ್ರ ಕೇಳಿದಾಗ ನೀವು ತೂಕಡಿಸುತ್ತಿದ್ದಿರಿ. ನಾನು ತಿವಿದಾಗ ಬೆಚ್ಚಿ ‘ಲೋಯರ್ ಬರ್ತ್’ ಅಂದಿರಿ.

ಆ ಗಯೆಯ ರಾತ್ರಿಯೇ ನನ್ನ ಸಿಟ್ಟು ದಾರಿ ತಪ್ಪಿದ್ದು. ಒಂದು ಗಂಟೆಯ ಸುಮಾರಿಗೆ ನಿಮ್ಮ ಗೊರಕೆ ತಟ್ಟನೆ ನಿಂತಿತು. ದೇವರಿದ್ದಾನೆ ಅಂದುಕೊಂಡು ದಿಂಬಿಗೆ ತಲೆಯಿಟ್ಟೆ. ಕೋಣೆ ಪೂರ್ತಿ ನಿಶ್ಶಬ್ದ. ಫ್ಯಾನಿನ ಸದ್ದು ಮಾತ್ರ. ಆಮೇಲೆ ಹೊಳೆಯಿತು, ಗೊರಕೆಯಷ್ಟೇ ಅಲ್ಲ, ಉಸಿರೂ ಕೇಳುತ್ತಿಲ್ಲ. ಎದ್ದು ಕೂತೆ. ನಿಮ್ಮ ಎದೆ ಏಳಲು ಒದ್ದಾಡುತ್ತಿತ್ತು, ಬಾಯಿಂದ ಗಾಳಿ ಹೋಗುತ್ತಿರಲಿಲ್ಲ. ನೀರು ಕಡಿಮೆಯಾದ ಬೋರ್‌ವೆಲ್ಲಿನ ಪಂಪು ಬರೀ ಗಾಳಿ ಎಳೆದು ಎಳೆದು ಕೊನೆಗೊಮ್ಮೆ ಗಳಕ್ಕನೆ ನೀರು ಕಕ್ಕುತ್ತದಲ್ಲ, ಹಾಗೆ ಒಂದು ದೊಡ್ಡ ಸದ್ದಿನೊಂದಿಗೆ ನೀವು ಉಸಿರೆಳೆದುಕೊಂಡಿರಿ. ಎರಡು ನಿಮಿಷ ಗೊರಕೆ. ಮತ್ತೆ ನಿಲುಗಡೆ. ಅಷ್ಟು ದಿನ ನಿಮ್ಮ ಗೊರಕೆ ನಿಲ್ಲಲಿ ಎಂದು ಹರಕೆ ಹೊತ್ತವನು, ಆ ರಾತ್ರಿ ಪೂರ್ತಿ, ಹೊಡೆಯಿರಿ ಮಾರಾಯರೇ, ಹೊಡೆಯಿರಿ ಎಂದು ಬೇಡಿಕೊಂಡು ಕೂತಿದ್ದೆ.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ದಾರಿ ಕಿರಿದಾದಾಗ ಅಂಗುಳಿನ ಹಿಂಭಾಗವೂ ಕಿರುನಾಲಿಗೆಯೂ ಅದುರಿ ಸದ್ದು ಮಾಡುತ್ತವೆ. ಅಲ್ಲಿಗೆ ಗೊರಕೆ. ದಾರಿ ಪೂರ್ತಿ ಮುಚ್ಚಿ 10 ಸೆಕೆಂಡಿಗಿಂತ ಹೆಚ್ಚು ಉಸಿರು ನಿಂತರೆ ಅದು ಬೇರೆ ಲೆಕ್ಕ, ವೈದ್ಯರು ಸ್ಲೀಪ್ ಆಪ್ನಿಯಾ ಅನ್ನುತ್ತಾರೆ. ಹಾಗೆ ಉಸಿರು ನಿಲ್ಲುವುದು ಅಥವಾ ತೀರಾ ಇಳಿಯುವುದು ಗಂಟೆಗೆ 5 ಸಲ ದಾಟಿದರೆ ಕಾಯಿಲೆಯ ಶುರು, 30 ದಾಟಿದರೆ ತೀವ್ರ. ಪ್ರತಿ ಸಲವೂ ಮಿದುಳು ಗಾಬರಿಬಿದ್ದು ಮೈಯನ್ನು ಅರೆ ಎಚ್ಚರಗೊಳಿಸುತ್ತದೆ. ಮಲಗಿದವನಿಗೆ ಬೆಳಿಗ್ಗೆ ಅದರ ನೆನಪೇ ಇರುವುದಿಲ್ಲ, ಸುಸ್ತು ಮಾತ್ರ ಉಳಿಯುತ್ತದೆ. ಗೊರಕೆ ಹೊಡೆಯುವವರಿಗೆಲ್ಲ ಇದು ಇರುವುದಿಲ್ಲ. ಆದರೆ ಹಗಲಿನ ತೂಕಡಿಕೆ, ಬೆಳಗಿನ ತಲೆನೋವು, ಎಷ್ಟು ಮಾತ್ರೆ ನುಂಗಿದರೂ ಹತೋಟಿಗೆ ಬಾರದ ಬಿಪಿ, ಇವೆಲ್ಲ ಅದರ ಸಂಗಾತಿಗಳು. ನೀವು ದಿನಾ ಬೆಳಿಗ್ಗೆ ಅಂಗೈಯಲ್ಲಿ ಮೂರು ಮಾತ್ರೆ ಹರವಿಕೊಂಡು, ‘ಡಾಕ್ಟರು ಬದಲಾಯಿಸಿ ಬದಲಾಯಿಸಿ ಕೊಡ್ತಾರೆ ಸಾರ್, ಬಗ್ಗಲ್ಲ ಅನ್ನುತ್ತೆ’ ಎಂದದ್ದು ನನಗೆ ಆಗ ನೆನಪಾಯಿತು. ಅಮೃತಾಂಜನವೂ.

ಎಂದರೆ, ಯಜಮಾನರೇ, ಉಪ್ಪಿಟ್ಟಿನ ತಟ್ಟೆ ಹಿಡಿದು ನೀವು ಹೇಳಿದ್ದು ಅಕ್ಷರಶಃ ನಿಜ. ನೀವು ಮಲಗಿರಲಿಲ್ಲ. ಆ ಕೋಣೆಯ ಬಾಡಿಗೆ ಪೂರ್ತಿ ದಂಡ, ಇಬ್ಬರು ಕಾಸು ಕೊಟ್ಟು ಇಬ್ಬರೂ ಜಾಗರಣೆ ಮಾಡಿದೆವು. ವ್ಯತ್ಯಾಸವೆಂದರೆ ನನ್ನದು ನನಗೆ ಗೊತ್ತಿತ್ತು.

ಇದು ನಿಮಗೆ ಇಷ್ಟು ವರ್ಷ ಗೊತ್ತಾಗದಿರುವುದಕ್ಕೆ ನಮ್ಮ ಮರ್ಯಾದೆಯೇ ಕಾರಣ. ಮದುವೆ ಛತ್ರದ ಜಮಖಾನದ ಮೇಲೆ, ಚುನಾವಣೆ ಡ್ಯೂಟಿಗೆ ಹೋದ ಶಾಲೆಯ ಬೆಂಚಿನ ಮೇಲೆ, ರಾತ್ರಿ ಬಸ್ಸಿನ ಸ್ಲೀಪರಿನಲ್ಲಿ ಎಷ್ಟು ಜನ ನಿಮ್ಮ ಪಕ್ಕ ಮಲಗಿ ಎದ್ದು ಹೋಗಿದ್ದಾರೋ. ಒಬ್ಬರೂ ಬಾಯಿ ಬಿಡಲಿಲ್ಲ. ‘ಚೆನ್ನಾಗಿ ನಿದ್ದೆ ಬಂತಾ ಸಾರ್’ ಎಂದು ಕೇಳಿದರೆ ‘ಓಹೋ’ ಎಂದಿರುತ್ತಾರೆ. ಹಿಂದೆ ಮಾತ್ರ ಆಡಿಕೊಂಡು ನಕ್ಕಿರುತ್ತಾರೆ. ಪಕ್ಕದವನ ಪಂಚೆಗೆ ಇರುವೆ ಹತ್ತಿದರೆ ಹೇಳುತ್ತೇವೆ, ಉಸಿರು ನಿಂತರೆ ದಾಕ್ಷಿಣ್ಯ. ನಿಮ್ಮ ಮನೆಯವರು ಹೇಳಿರಬಹುದು. ‘ಅವರು ದೇವರ ಮನೆ ಪಕ್ಕದ ರೂಮಲ್ಲಿ ಮಲಗ್ತಾರೆ, ಬೇಗ ಏಳಬೇಕಲ್ಲ’ ಎಂದು ನೀವು ಮುಗ್ಧವಾಗಿ ಹೇಳಿದಿರಿ. ಯಾತ್ರೆಗೆ ಏಕೆ ಬರಲಿಲ್ಲ ಎಂದರೆ ‘ಮನೆ ನೋಡ್ಕೋಬೇಕು’ ಅಂದರಂತೆ. ನನಗೆ ಅರ್ಥವಾಯಿತು. ಆ ತಾಯಿ ನಮಗಿಂತ ಒಳ್ಳೆಯ ಯಾತ್ರೆ ಮಾಡಿದ್ದಾರೆ.

ಕಾಶಿ ಗಯೆಗೆ ಹೋದವರು ಪ್ರಿಯವಾದದ್ದೊಂದನ್ನು ಬಿಟ್ಟು ಬರಬೇಕೆಂದು ಶಾಸ್ತ್ರ. ನೀವು ಹಾಗಲಕಾಯಿ ಬಿಟ್ಟಿರಿ. ದಾರಿಯುದ್ದಕ್ಕೂ ಹಾಗಲಕಾಯಿ ಗೊಜ್ಜು ಬಂದಾಗಲೆಲ್ಲ ನೀವು ಎಲೆಯ ತುದಿಗೆ ಸರಿಸಿದ್ದನ್ನು ನಾನು ಬಲ್ಲೆ. ಪಂಡನಿಗೆ ಹೇಳಲಿಲ್ಲ, ಅಲ್ಲೂ ದಾಕ್ಷಿಣ್ಯ.

ಈಗ ವಿಷಯಕ್ಕೆ ಬರುತ್ತೇನೆ. ತಂದ ಗಂಗಾಜಲವನ್ನು ರಾಮೇಶ್ವರದಲ್ಲಿ ಅಭಿಷೇಕ ಮಾಡಿಸಿದರೇ ಕಾಶಿಯಾತ್ರೆ ಪೂರ್ತಿ. ಅದಕ್ಕೆ ಮ್ಯಾನೇಜರು ಹೆಸರು ಬರೆದುಕೊಳ್ಳುತ್ತಿದ್ದಾನೆ. ‘ಅವರೂ ನಾನೂ ಒಂದೇ ರೂಮು, ನಮಗೆ ಹೊಂದಿಕೆಯಾಗುತ್ತೆ’ ಎಂದು ನೀವೇ ಹೇಳಿದಿರಂತೆ. ಮನಸ್ಸು ತುಂಬಿ ಬಂತು. ಆದರೆ ಹೊರಡುವ ಮೊದಲು ಕಿವಿ ಮೂಗು ಗಂಟಲಿನ ಡಾಕ್ಟರರನ್ನೋ ಶ್ವಾಸಕೋಶದ ಡಾಕ್ಟರರನ್ನೋ ಕಂಡು ನಿದ್ರೆಯ ಪರೀಕ್ಷೆ ಮಾಡಿಸಿ. ಒಂದು ರಾತ್ರಿ ಮೈಗೆ ವೈರು ಅಂಟಿಸಿ ಮಲಗಿಸುತ್ತಾರೆ. ಮನೆಯಲ್ಲೇ ಮಾಡುವ ಸಣ್ಣ ಪರೀಕ್ಷೆಯೂ ಇದೆ. ಬೇಕೆಂದರೆ ಸಿಪ್ಯಾಪ್ ಎನ್ನುವ ಯಂತ್ರ ಬರೆದುಕೊಡುತ್ತಾರೆ. ಮೂಗಿಗೆ ಮುಖವಾಡ ಹಾಕಿ, ಒತ್ತಡದ ಗಾಳಿಯಿಂದ ಗಂಟಲನ್ನು ತೆರೆದಿಡುವ ಯಂತ್ರ. ಆಸ್ಟ್ರೇಲಿಯದ ಡಾಕ್ಟರು ಕೊಲಿನ್ ಸಲಿವನ್ 1980ರಲ್ಲಿ ಮೊದಲ ಸಲ ಪ್ರಯೋಗಿಸಿ, ಮುಂದಿನ ವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಅದಕ್ಕೆ ಮುಂಚೆ ಈ ಕಾಯಿಲೆ ತೀವ್ರವಾದವರಿಗೆ ಗಂಟಲಲ್ಲಿ ತೂತು ಕೊರೆಯುತ್ತಿದ್ದರು, ಅಷ್ಟು ತಡವಾಗಿ ಹುಟ್ಟಿದ್ದಕ್ಕೆ ಖುಷಿಪಡಿ. ಯಂತ್ರ ನಿಮ್ಮ ಚಕ್ಕುಲಿ ಕೋಡುಬಳೆಯ ಚೀಲಕ್ಕಿಂತ ಚಿಕ್ಕದು, ಅದನ್ನು ಹೊರಲು ನಾನೂ ಕೈ ಹಾಕುತ್ತೇನೆ.

ಯಂತ್ರ ಬೇಡವೆಂದರೆ ಆಸ್ಟ್ರೇಲಿಯದ್ದೇ ಇನ್ನೊಂದು ದಾರಿ ಇದೆ. ಡಿಜೆರಿಡೂ ಎನ್ನುವ ಉದ್ದನೆಯ ಮರದ ಕೊಳವೆ, ಅಲ್ಲಿನ ಮೂಲನಿವಾಸಿಗಳ ವಾದ್ಯ. ಸ್ವಿಟ್ಜರ್ಲೆಂಡಿನವರು ಆಪ್ನಿಯಾ ಇದ್ದವರಿಂದ 4 ತಿಂಗಳು ಅದನ್ನು ಊದಿಸಿದರು. ಗಂಟಲು ಗಟ್ಟಿಯಾಗಿ ಹಗಲಿನ ತೂಕಡಿಕೆ ಕಡಿಮೆಯಾಯಿತು, ಜೊತೆಗೆ ಮಲಗುವವರ ನಿದ್ದೆಯೂ ಸುಧಾರಿಸಿತು ಎಂದು 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿತು. 2017ರಲ್ಲಿ ಇದಕ್ಕೆ ಇಗ್ ನೊಬೆಲ್ ಬಂತು, ಅದೂ ಶಾಂತಿ ಬಹುಮಾನ. ಹಾಗಂತ ನಾಳೆಯೇ ಊರಿನ ಮೌರಿಯವರ ಬಳಿ ಶಿಷ್ಯವೃತ್ತಿಗೆ ನಿಲ್ಲಬೇಡಿ. ನಿಲ್ಲುವುದಾದರೆ ಅಭ್ಯಾಸವನ್ನು ದೇವರ ಮನೆಯಿಂದ ದೂರ ಮಾಡಿ.

ಇಂತಿ,
ಪಕ್ಕದ ಮಂಚದವನು

ವಿ.ಸೂ.: ಪರೀಕ್ಷೆಯ ವರದಿ ಬಂದರೆ ನನಗೊಬ್ಬನಿಗೇ ಕಳಿಸಿ, ಯಾತ್ರೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಅಲ್ಲಿ ಯಾರೂ ಓದುವುದಿಲ್ಲ, ನಲವತ್ತು ಜನ ಕೈಮುಗಿಯುವ ಚಿಹ್ನೆ ಹಾಕುತ್ತಾರೆ. ಮತ್ತೆ, ರಾಮೇಶ್ವರದ ಅರ್ಜಿಯಲ್ಲಿ ಮ್ಯಾನೇಜರು ಈ ಸಲ ಒಂದು ಹೊಸ ಕಾಲಂ ಸೇರಿಸಿದ್ದಾನೆ: ‘ವಿಶೇಷ ಸೂಚನೆ ಏನಾದರೂ ಇದ್ದರೆ’. ನಿಮ್ಮದನ್ನು ನಾನೇ ತುಂಬಿ ಕೊಟ್ಟಿದ್ದೇನೆ, ಸಹಿ ಮಾತ್ರ ಬಾಕಿ.