ಮುಕ್ಕಾಲಿ ಮಹಾಶಯ

ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಶಿಕಾರಿ ಸಾಮಾನಿನ ಯಾವ ಅಂಗಡಿಗೆ ಹೊಕ್ಕರೂ ಈತ ಸಿಗುತ್ತಾನೆ. ಆರಡಿ ಆಳು, ನಲವತ್ತರ ಆಸುಪಾಸು, ತಲೆಗೆ ಟ್ರ್ಯಾಕ್ಟರ್ ಕಂಪನಿಯ ಟೋಪಿ. ಗುರುತು ಹಿಡಿಯುವುದು ಕಷ್ಟವಲ್ಲ, ಕಪಾಟುಗಳ ನಡುವಿನ ಓಣಿಯಲ್ಲಿ ಮಂಡಿಯೂರಿ ಕೂತಿರುತ್ತಾನೆ. ಎದುರಿಗೆ ಕಾಲಗಲಿಸಿ ನಿಂತ ಅಲ್ಯೂಮಿನಿಯಂ ಮುಕ್ಕಾಲಿ. ಅದರ ನೆತ್ತಿಯ ಮೇಲೆ ಮಡಚಿದ ಕೊಡೆಯೊಂದನ್ನು ಅಡ್ಡ ಇಟ್ಟು, ಒಂದು ಕಣ್ಣು ಮುಚ್ಚಿ, ಗೋಡೆಗೆ ತೂಗುಹಾಕಿದ ಜಿಂಕೆಯ ತಲೆಗೆ ಗುರಿ ಹಿಡಿದಿರುತ್ತಾನೆ. ಬಂದು ಹೋಗುವವರು ತಳ್ಳುಗಾಡಿಯನ್ನು ಹಿಂದಕ್ಕೆಳೆದುಕೊಂಡು ಪಕ್ಕದ ಓಣಿ ಹಿಡಿಯುತ್ತಾರೆ. ಯಾರಿಗೂ ಸೋಜಿಗವಿಲ್ಲ. ಮಗಳಿಗೆ ಹತ್ತು ತುಂಬಿದೆ, ಈ ಸಲ ಅವಳ ಮೊದಲ ಶಿಕಾರಿ. ಅವಳ ಎತ್ತರಕ್ಕೆ ಇಳಿದು ನೋಡುತ್ತಿದ್ದಾನೆ, ಅಷ್ಟೆ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕೋವಿ ಅಟ್ಟ ಸೇರಿತು, ಜಗಲಿಯ ಮೇಲೆ ಶಿಕಾರಿಯ ಮಾತಷ್ಟೇ ಉಳಿಯಿತು. ಅಲ್ಲಿ ಹಾಗಲ್ಲ. ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗಿ ಒಂಬತ್ತು ದಿನ ಕೋವಿಯ ಜಿಂಕೆ ಶಿಕಾರಿ ನಡೆಯುತ್ತದೆ. ಅದಕ್ಕೂ ಮುಂಚೆ, ಅಕ್ಟೋಬರಿನಲ್ಲಿ, ಮಕ್ಕಳಿಗೆಂದೇ ಎರಡು ದಿನ ಮೀಸಲು. 2017ರಲ್ಲಿ ಆ ರಾಜ್ಯ ಕನಿಷ್ಠ ವಯಸ್ಸಿನ ಕಟ್ಟಳೆಯನ್ನೂ ಎತ್ತಿಹಾಕಿತು. ಆದರೆ ಶಿಕಾರಿ ತರಬೇತಿ ಮುಗಿಸದ ಮಗುವಿನ ಜೊತೆಗಿರುವ ದೊಡ್ಡವರು ಕೈಗೆಟಕುವಷ್ಟು ಹತ್ತಿರದಲ್ಲೇ ಇರಬೇಕು. ಈ ಒಂದು ನಿಯಮ ನೆನಪಿರಲಿ, ಮುಂದೆ ಬೇಕಾಗುತ್ತದೆ.

ನನ್ನ ಪಕ್ಕದ ಮನೆಯಲ್ಲೇ ಇಂಥ ಒಬ್ಬ ಮಹಾಶಯನಿದ್ದಾನೆ. ಉಳಿದದ್ದೆಲ್ಲ ಅವನ ಮನೆಯಲ್ಲಿ ಚಿಟಿಕೆ ಹೊಡೆಯುವುದರೊಳಗೆ ತೀರ್ಮಾನವಾಯಿತು. ಕೋವಿ .243, ಒದೆತ ಕಡಿಮೆ, ಎಳೆಯ ಭುಜ ತಡೆಯುತ್ತದೆ. ಮೇಲಂಗಿ ಕಣ್ಣು ಕುಕ್ಕುವ ಕಿತ್ತಳೆಯದು. 2016ರಿಂದ ಹೊಳೆಯುವ ಗುಲಾಬಿಗೂ ಕಾನೂನಿನ ಒಪ್ಪಿಗೆಯಿದೆ. ಹುಡುಗಿ ಅದನ್ನೊಮ್ಮೆ ನೋಡಿ, ಕಿತ್ತಳೆಯೇ ಸಾಕು ಎಂದಳು. ಉಳಿದದ್ದು ಕೋವಿಗೆ ಆಸರೆಯೊಂದೇ. ಬೇಸಿಗೆಯಿಡೀ ಅದಕ್ಕೇ ಹೋಯಿತು.

ಮೊದಲು ಒಂಟಿಗೋಲು ಬಂತು. ಹಗುರ, ಅಗ್ಗ, ತುದಿಯಲ್ಲಿ ಕವೆ. ಎಡಬಲಕ್ಕೆ ವಾಲುತ್ತದೆ ಎಂದು ಅದು ಗ್ಯಾರೇಜು ಸೇರಿತು. ಆಮೇಲೆ ಜೋಡಿಗೋಲು. ಅದು ಎಡಬಲಕ್ಕೆ ವಾಲುವುದಿಲ್ಲ, ಹಿಂದುಮುಂದಕ್ಕೆ ತೂಗುತ್ತದೆ. ಮೂರನೆಯದು ಹಿಡಿಯಲ್ಲೇ ಗುಂಡಿಯಿದ್ದ ಮುಕ್ಕಾಲಿ. ಒತ್ತಿದರೆ ಮೂರೂ ಕಾಲು ಒಟ್ಟಿಗೆ ಸರ್ರನೆ ಇಳಿಯುತ್ತವೆ. ಬೇಲಿಯ ಆಚೆಯಿಂದ ಅದನ್ನು ಇಳಿಸಿ, ಏರಿಸಿ, ಮತ್ತೆ ಇಳಿಸಿ ತೋರಿಸುವಾಗ ಅವನ ಮುಖ ನೋಡಬೇಕಿತ್ತು. ನಾಲ್ಕನೆಯದರ ತಲೆಯಲ್ಲಿ ರಬ್ಬರಿನ ದವಡೆ. ಕೋವಿಯನ್ನು ಕಚ್ಚಿ ಹಿಡಿದರೆ ಕೈಬಿಟ್ಟರೂ ಬೀಳದು. ತೂಕ ಮಾತ್ರ ನಾಲ್ಕು ಕಿಲೋ ದಾಟಿತ್ತು, ಹುಡುಗಿಯ ಕೋವಿಗಿಂತ ಹೆಚ್ಚು. ಇದಲ್ಲದೆ ಒದೆತ ತಡೆಯಲು ಮೈಮೇಲೆ ಸೀಸದ ಗುಂಡಿನ ಚೀಲ ಹೇರಿಕೊಳ್ಳುವ ಒಂದು ಕಬ್ಬಿಣದ ಚೌಕಟ್ಟು. ಅದು ಗುರಿ ಅಭ್ಯಾಸದ ಮೇಜಿಗಷ್ಟೇ ಲಾಯಕ್ಕು, ಕಾಡಿಗೆ ಹೊರಲು ಹೋರಿ ಬೇಕು.

ಮಗ ಕ್ರಿಕೆಟ್ ಕೋಚಿಂಗಿಗೆ ಸೇರಿದ ಮರುದಿನವೇ ಇಂಗ್ಲಿಷ್ ವಿಲ್ಲೋ ಬ್ಯಾಟಿಗೆ ಸುತ್ತಿಗೆ ಹಿಡಿದು ಕೂರುವ ಜಯನಗರದ ಅಪ್ಪಂದಿರನ್ನು ಬಲ್ಲವರಿಗೆ ಈತ ಹೊಸಬನೇನಲ್ಲ.

ಹಾಗೆಂದು ಅವನಿಗೆ ವಿಷಯ ಗೊತ್ತಿಲ್ಲ ಎನ್ನುವಂತಿಲ್ಲ. ಚೆನ್ನಾಗಿ ಗೊತ್ತು, ತೊಂದರೆ ಇರುವುದೇ ಅಲ್ಲಿ. ಆಸರೆಯ ಮೇಲೆ ಕೂರಬೇಕಾದ್ದು ಕೋವಿಯ ಮರ, ನಳಿಗೆಯಲ್ಲ. ನಳಿಗೆ ತಾಗಿದರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ. ಮುಂದೆ ಎಷ್ಟೇ ಗಟ್ಟಿ ಆಸರೆ ಕೊಡಿ, ಹಿಂದಿನ ಬುಡ ಎಳೆಯ ಭುಜದಲ್ಲಿ ಅಲ್ಲಾಡಿದರೆ ಗುರಿಯೂ ಅಲ್ಲಾಡುತ್ತದೆ, ಹಾಗಾಗಿ ಮೊಣಕೈ ಕೆಳಗೂ ಏನಾದರೂ ಬೇಕು. ಜಿಂಕೆ ನಾಲ್ಕು ಹೆಜ್ಜೆ ಸರಿದರೆ ಕೋವಿಯೂ ಸದ್ದಿಲ್ಲದೆ ತಿರುಗಬೇಕು. ದುರ್ಬೀನಿಗೆ ಕಣ್ಣು ತೀರ ಹತ್ತಿರವಿದ್ದರೆ ಒದೆತಕ್ಕೆ ಹುಬ್ಬು ಸೀಳುತ್ತದೆ. ಇಷ್ಟನ್ನೂ ಅವನು ನನಗೆ ಕಸದ ಡಬ್ಬ ಹೊರಗಿಡುವ ಹೊತ್ತಿನಲ್ಲಿ ನಿಂತಲ್ಲೇ ಕಲಿಸಿದ್ದಾನೆ.

ಹೆಂಡತಿ ಒಂದು ದಿನ ಬಿಲ್ಲುಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿದಳು. ಅವನು 1937ರ ಕಾಯ್ದೆಯ ಮೊರೆಹೊಕ್ಕ. ಶಿಕಾರಿ ಕೋವಿ, ತೋಟಾಗಳ ಮೇಲೆ ನೂರಕ್ಕೆ 11ರಷ್ಟು ತೆರಿಗೆ ಬೀಳುತ್ತದೆ, ಆ ದುಡ್ಡು ವನ್ಯಜೀವಿ ರಕ್ಷಣೆಗೆ ಹೋಗುತ್ತದೆ, ನಾನು ಖರ್ಚು ಮಾಡಿದಷ್ಟೂ ಕಾಡಿಗೇ ಒಳ್ಳೆಯದು ಎಂದ. ಮಾತು ನಿಜ. "ತೆರಿಗೆ ಕೋವಿಗೆ, ತೋಟಾಗೆ. ನೀನು ತಂದಿರೋದು ಕಾಲುಗಳು" ಎಂದಳು ಆಕೆ. ಅಲ್ಲಿಗೆ ಚರ್ಚೆ ಮುಗಿಯಿತು, ಖರೀದಿ ಮುಗಿಯಲಿಲ್ಲ.

ಅವನ ಅಪ್ಪನದು ಇನ್ನೊಂದು ರಾಗ. ಮರಸು ಕೂರುವ ಮರದ ಗೂಡನ್ನು ಕಟ್ಟಿದವನೇ ಆ ಮುದುಕ. "ಕುರ್ಚಿ ಮೇಲೆ ಎರಡು ದಿಂಬು ಹಾಕಿ ಹುಡುಗಿನ ಎತ್ತರಕ್ಕೆ ತಾ. ಕಿಟಕಿ ದಂಡೆ ಅಲ್ಲಿಂದ ಎಲ್ಲಿಗೂ ಹೋಗಲ್ಲ" ಎಂದ. ಮಗ ವಿನಯದಿಂದ ಕೇಳಿಸಿಕೊಂಡು, ಮುಕ್ಕಾಲಿಯ ಪಾದಗಳಿಗೆ ಸದ್ದಾಗದಂತೆ ಬಟ್ಟೆಯ ಪಟ್ಟಿ ಸುತ್ತಲು ಗ್ಯಾರೇಜಿಗೆ ನಡೆದ.

ಶಿಕಾರಿಯ ದಿನ ನಡೆದದ್ದನ್ನು ನನಗೆ ಹೇಳಿದವಳು ಮಗಳು. ಅಪ್ಪನ ವರದಿಯಲ್ಲಿ ಮೊಣಕಾಲಿನ ಪ್ರಸ್ತಾಪವೇ ಇರಲಿಲ್ಲ.

ಗೂಡಿನೊಳಗೆ ಎರಡು ಕುರ್ಚಿ, ಒಂದು ಬಕೆಟ್, ತಿಂಡಿಯ ಚೀಲ. ಇವುಗಳ ನಡುವೆ ಮುಕ್ಕಾಲಿ ಕಾಲು ಚಾಚಬೇಕು. ಎರಡು ಕಾಲಿಗೆ ಜಾಗ ಸಿಕ್ಕಿತು. ಮೂರನೆಯದು ಅಪ್ಪನ ಬೂಟಿಗೂ ಮೊಣಕಾಲಿಗೂ ನಡುವೆ ಹೋಗಿ ಕೂತಿತು. ಸಂಜೆ ಹೊತ್ತು ಇಳಿಯುವಾಗ ಎಪ್ಪತ್ತು ಗಜ ದೂರದಲ್ಲಿ ಹೆಣ್ಣು ಜಿಂಕೆಯೊಂದು ಮೇಪಲ್ ಮರಗಳ ಮರೆಯಿಂದ ಹೊರಬಂತು. ಹುಡುಗಿ ಕಣ್ಣಿಟ್ಟಳು. ದುರ್ಬೀನಿನೊಳಗೆ ಜಿಂಕೆ ಮೇಲಕ್ಕೂ ಕೆಳಕ್ಕೂ ಕುಣಿಯುತ್ತಿತ್ತು. ಉಸಿರು ಬಿಟ್ಟಳು, ಹಿಡಿದಳು. ಕುಣಿತ ನಿಲ್ಲಲಿಲ್ಲ. ಕಿವಿಯ ಪಕ್ಕದಲ್ಲಿ ಅಪ್ಪನ ಪಿಸುಮಾತು, "ಗಾಬರಿ ಆಗ್ಬೇಡ ಪುಟ್ಟಿ, ಕೈ ನಡುಗಿಸ್ಬೇಡ."

"ನನ್ನ ಕೈ ಅಲ್ಲ ಡ್ಯಾಡ್. ನಿನ್ನ ಕಾಲು."

ಜಿಂಕೆ ಕಿವಿ ನಿಮಿರಿಸಿ, ಬಿಳಿ ಬಾಲ ಎತ್ತಿ ಹಾರಿಹೋಯಿತು. ಹುಡುಗಿ ಸೇಫ್ಟಿ ಹಾಕಿ ಚಿಪ್ಸ್ ತಿಂದಳಂತೆ.

ಮರುದಿನ ಮತ್ತದೇ ಗೂಡು. ದೂರ ಹೋಗಿ ಕೂರು ಎನ್ನುವಂತಿಲ್ಲ, ಕಾನೂನು. ಹುಡುಗಿ ಒಂದು ಮಾತೂ ಆಡದೆ ಮುಕ್ಕಾಲಿ ಮಡಚಿ ಅಪ್ಪನ ತೊಡೆಯ ಮೇಲಿಟ್ಟಳು, ಗಟ್ಟಿಯಾಗಿ ಹಿಡಿದುಕೋ ಎಂದಳು. ಅಜ್ಜ ಕೊಟ್ಟು ಕಳಿಸಿದ್ದ ದಿಂಬುಗಳ ಮೇಲೆ ಏರಿ ಕೂತು, ತಿಂಡಿಯ ಚೀಲವನ್ನು ಕಿಟಕಿ ದಂಡೆಯ ಮೇಲೆ ಚಪ್ಪಟೆ ಮಾಡಿ, ಅದರ ಮೇಲೆ ಕೋವಿಯ ಮರವಿಟ್ಟಳು. ಬೆಳಿಗ್ಗೆ ಎಂಟರ ಸುಮಾರಿಗೆ ಒಂದೇ ಈಡು. ಜಿಂಕೆ ನಿಂತಲ್ಲಿಂದ ಇಪ್ಪತ್ತು ಹೆಜ್ಜೆಯೂ ಹೋಗಲಿಲ್ಲ. ಚೀಲದೊಳಗಿನ ಬಿಸ್ಕತ್ತು ಪುಡಿಯಾಗಿತ್ತು, ಅಪ್ಪನ ಕಣ್ಣಲ್ಲಿ ನೀರಿತ್ತು.

ಆ ಸಂಜೆ ಬೇಲಿಯ ಬಳಿ ಅವನು ಹೇಳಿದ್ದೇ ಬೇರೆ. ಬೇಸಿಗೆಯೆಲ್ಲ ಒಳ್ಳೆಯ ಮುಕ್ಕಾಲಿಯ ಮೇಲೆ ಅಭ್ಯಾಸ ಮಾಡಿಸಿದ್ದಕ್ಕೇ ಅವಳಿಗೆ ಚೀಲದ ಮೇಲಿಟ್ಟೂ ಹೊಡೆಯಲು ಬಂತಂತೆ.

ನಾಲ್ಕೂ ಆಸರೆಗಳು ಗ್ಯಾರೇಜಿನಲ್ಲಿ ಸಾಲಾಗಿ ನಿಂತಿವೆ. ಒಂದನ್ನಾದರೂ ಮಾರುತ್ತೀಯಾ ಎಂದು ಆಫೀಸಿನವರು ಕೇಳಿದರೆ ಕೊಡುವುದಿಲ್ಲ. ಇನ್ನೆರಡು ವರ್ಷಕ್ಕೆ ಮಗನ ಸರದಿ. ಆದರೂ ಮೊನ್ನೆ ಮತ್ತೆ ಅಂಗಡಿಯ ಓಣಿಯಲ್ಲಿ ಮಂಡಿಯೂರಿ ಕೂತಿದ್ದ, ಈ ಸಲ ಕೊಡೆ ಇನ್ನೊಂದು ಭುಜಕ್ಕೆ ಬಂದಿತ್ತು. ಹುಡುಗ ಎಡಚ.