ಕಂಪ್ರೆಸರ್‌ಗೂ ಒಂದು ಹೈಕಮಾಂಡ್

ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆ. 12 ವರ್ಷ ಹಳೆಯ ಪುಟ್ಟ ಕಾರೊಂದು ಬಾನೆಟ್ ತೆರೆದುಕೊಂಡು, ದಂತವೈದ್ಯರ ಮುಂದೆ ಬಾಯಿ ಬಿಟ್ಟವರ ಹಾಗೆ ನಿಂತಿತ್ತು. ಅದರ ಎ.ಸಿ. ಕಂಪ್ರೆಸರ್ ಮಹಾಶಯರು ಎಂಜಿನ್ ಪಕ್ಕದಲ್ಲಿ, ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು, ಜಿಡ್ಡು ಮೆತ್ತಿದ ಮೈಯಲ್ಲೇ ಸಂದರ್ಶನಕ್ಕೆ ಕೂತಿದ್ದರು.

“ಬರೀ ಬಿಸಿಗಾಳಿ ಬೀಸ್ತೀರಂತೆ, ಮಾಲೀಕರ ದೂರು” ಎಂದು ನಮ್ಮ ಪ್ರತಿನಿಧಿ ನೇರವಾಗಿ ವಿಷಯಕ್ಕೇ ಬಂದರು.

“ಬೀಸೋದು ನಾನಲ್ಲ, ಅದು ಡ್ಯಾಶ್‌ಬೋರ್ಡಿನ ಒಳಗಿರೋ ಬ್ಲೋವರ್ ಇಲಾಖೆ. ತಂಪು ಮಾಡೋನೂ ನಾನಲ್ಲ. ಒಳಗಿನ ಬಿಸಿನ ಹೊತ್ತು ಹೊರಗೆ ಹಾಕೋ ಹಮಾಲಿ ನಾನು. ಗ್ಯಾಸನ್ನು ಅಮುಕಿ ಬಿಸಿ ಮಾಡಿ ಮುಂದಿನ ಕಂಡೆನ್ಸರ್‌ಗೆ ತಳ್ತೀನಿ. ಅಲ್ಲಿ ಗಾಳಿಗೆ ಬಿಸಿ ಬಿಟ್ಟುಕೊಟ್ಟು ದ್ರವ ಆಗುತ್ತೆ. ಆಮೇಲೆ ಸೂಜಿಗಣ್ಣಿನಂಥ ವಾಲ್ವಲ್ಲಿ ನುಸುಳಿ, ಒತ್ತಡ ಕಳಕೊಂಡು, ನಿಮ್ಮ ಮೊಣಕಾಲಿನ ಹತ್ತಿರ ಇರೋ ಕಾಯಿಲ್‌ನಲ್ಲಿ ಕುದಿಯುತ್ತೆ. ಕುದಿಯೋಕೆ ಬೇಕಾದ ಬಿಸಿನ ನಿಮ್ಮ ಗಾಳಿಯಿಂದ ಕಿತ್ಕೊಳ್ಳುತ್ತೆ. ಅಜ್ಜಿ ಮನೆ ಮಣ್ಣಿನ ಹೂಜಿ ವಿದ್ಯೆ ಇದು. ಒಂದೇ ವ್ಯತ್ಯಾಸ, ಹೂಜಿಯಿಂದ ಆವಿಯಾದ ನೀರು ವಾಪಸ್ ಬರಲ್ಲ. ನಮ್ಮ ಗ್ಯಾಸು ಸುತ್ತು ಹೊಡೆದು ನನ್ನ ಹತ್ರಾನೇ ಬರುತ್ತೆ.”

“ಹಾಗಾದರೆ ಬೇಸಿಗೆ ಬಂತೆಂದರೆ ಎಲ್ಲರೂ ಗ್ಯಾಸ್ ತುಂಬಿಸೋದು ಯಾಕೆ?”

“ಅದೇನು ಪೆಟ್ರೋಲಾ ಸ್ವಾಮಿ, ಉರಿದು ಖಾಲಿಯಾಗೋಕೆ? ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಸೋರಿದೆ. ಕಂಡೆನ್ಸರ್‌ಗೆ ಕಲ್ಲು ಬಡಿದಿರುತ್ತೆ, ಜೋಡಣೆಯ ರಬ್ಬರ್ ಉಂಗುರ ಒಣಗಿರುತ್ತೆ. ಬಣ್ಣ ಬೆರೆಸಿ, ನೇರಳಾತೀತ ಟಾರ್ಚ್ ಹಿಡಿದ್ರೆ ಸೋರೋ ಜಾಗ ಹಸಿರುಹಳದಿಯಾಗಿ ಹೊಳೆಯುತ್ತೆ. ಅದನ್ನ ಹುಡುಕದೆ ಗ್ಯಾಸ್ ಹಾಕೋದು ತೂತು ಕೊಡಕ್ಕೆ ನೀರು ಹೊತ್ತ ಹಾಗೆ.”

ಈ ಸೋರಿಕೆ ಮಾಲೀಕರ ಜೇಬಿಗಷ್ಟೇ ತಟ್ಟುವುದಿಲ್ಲ. ಹಳೆಯ ಕಾರುಗಳ ಆರ್-12 ಅನಿಲ ಓಝೋನ್ ಪದರಕ್ಕೆ ಕನ್ನ ಹಾಕುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದ ಅದನ್ನು ಹಂತಹಂತವಾಗಿ ಮನೆಗೆ ಕಳಿಸಿತು. ಅದರ ಜಾಗಕ್ಕೆ ಬಂದ ಆರ್-134ಎ ಓಝೋನ್ ತಂಟೆಗೆ ಹೋಗದಿದ್ದರೂ, ಭೂಮಿಯನ್ನು ಬಿಸಿಮಾಡುವುದರಲ್ಲಿ ಅದರ ಒಂದು ಕಿಲೋ ಸುಮಾರು 1400 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಕಾರಿನೊಳಗೆ ತಂಪು, ಊರಿಗೆಲ್ಲ ಬಿಸಿ!

ಪ್ರತಿನಿಧಿ ಮಾಲೀಕರ ದೂರನ್ನು ಪೂರ್ತಿ ಓದಿದರು. ತುಮಕೂರು ರಸ್ತೆಯಲ್ಲಿ ಓಡುವಾಗ ಎ.ಸಿ. ಜೋರು ತಂಪು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತರೆ ಐದೇ ನಿಮಿಷಕ್ಕೆ ಬಿಸಿ. ಈ ವರ್ಷ ಎರಡು ಸಲ ಗ್ಯಾಸ್ ತುಂಬಿಸಿದ್ದಾಗಿದೆ.

ಕಂಪ್ರೆಸರ್ ಗಡಗಡ ನಕ್ಕರು. “ರೋಗಿನೇ ರೋಗ ಹೇಳಿದಾನೆ, ಡಾಕ್ಟ್ರಿಗೆ ಕೇಳಿಸಿಲ್ಲ. ಕಾರು ಓಡುವಾಗ ಎದುರುಗಾಳಿ ಕಂಡೆನ್ಸರ್‌ನ ತಣಿಸುತ್ತೆ. ನಿಂತಾಗ ಆ ಕೆಲಸ ಫ್ಯಾನ್‌ದು. ಫ್ಯಾನ್ ತಿರುಗದಿದ್ರೆ ಒತ್ತಡ ಏರುತ್ತೆ, ಪ್ರೆಷರ್ ಸ್ವಿಚ್ ನನ್ನ ಕ್ಲಚ್ ಬಿಡಿಸುತ್ತೆ. ಅದು ನಮ್ಮ ಹೈಕಮಾಂಡು. ಗ್ಯಾಸ್ ತೀರಾ ಕಮ್ಮಿಯಾದ್ರೂ ಬೇಡ ಅನ್ನುತ್ತೆ, ಒತ್ತಡ ವಿಪರೀತ ಏರಿದ್ರೂ ಬೇಡ ಅನ್ನುತ್ತೆ. ಹೈಕಮಾಂಡ್ ತಲೆ ಆಡಿಸದೆ ನಿಮ್ಮಲ್ಲಿ ಸಂಪುಟ ವಿಸ್ತರಣೆನೇ ಆಗಲ್ಲ, ಇನ್ನು ನನ್ನ ಕ್ಲಚ್ ಹೇಗೆ ಕೂರುತ್ತೆ?”

ಕ್ಲಚ್ ಎಂದಾಗ ಅವರ ದನಿಯಲ್ಲಿ ಕೊಂಚ ಜಂಬ ಇಣುಕಿತು. ಕಾರಣವಿದೆ. ಅಮೆರಿಕದ ಪ್ಯಾಕರ್ಡ್ ಕಂಪನಿ 1939ರಲ್ಲಿ ಕಾರ್ಖಾನೆಯಲ್ಲೇ ಎ.ಸಿ. ಕೂರಿಸಿದ ಕಾರು ತೋರಿಸಿದಾಗ ಕಂಪ್ರೆಸರ್‌ಗೆ ಈ ಭಾಗ್ಯವಿರಲಿಲ್ಲ. ಚಳಿಯಾಯಿತೆಂದರೆ ಚಾಲಕ ಎಂಜಿನ್ ನಿಲ್ಲಿಸಿ, ಇಳಿದು, ಬಾನೆಟ್ ಎತ್ತಿ ಬೆಲ್ಟನ್ನೇ ಕಳಚಬೇಕಿತ್ತು.

ಅಷ್ಟರಲ್ಲಿ ಮೆಕ್ಯಾನಿಕ್ ಹುಡುಗ ಗ್ಲೋವ್ ಬಾಕ್ಸ್ ಕಳಚಿ ಹಿಂದಿನ ಫಿಲ್ಟರ್ ಎಳೆದ. ಅದರ ಮಡಿಕೆ ಮಡಿಕೆಯಲ್ಲೂ ಬೂದುಬಣ್ಣದ ಧೂಳು, ಒಣಗಿದ ಹೊಂಗೆ ಹೂ, ನಡುವೆ ಕಡಲೆಕಾಯಿ ಸಿಪ್ಪೆ. ಹೊಂಗೆಯನ್ನು ಮರದ ಲೆಕ್ಕಕ್ಕೆ ಬರೆಯೋಣ, ಕಡಲೆಕಾಯಿ ಯಾರದು? ಉತ್ತರ ಬಾನೆಟ್ ಅಡಿಯಲ್ಲೇ ಸಿಕ್ಕಿತು. ಕಂಡೆನ್ಸರ್ ಫ್ಯಾನಿನ ವೈರು ಎರಡು ತುಂಡು, ತುದಿಯಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು.

“ಗಣೇಶನ ವಾಹನ ನಮ್ಮ ವಾಹನ ಹತ್ತಿದೆ” ಎಂದರು ಕಂಪ್ರೆಸರ್. “ಅದಕ್ಕೆ ನನಗೆ ಎರಡು ಸಲ ಗ್ಯಾಸ್ ಕುಡಿಸಿದ್ರು.”

ಬಾನೆಟ್ ಒಳಗಿನ ಚೀಟಿ ಹೇಳುತ್ತಿದ್ದುದು 350 ಗ್ರಾಂ. ಯಂತ್ರಕ್ಕೆ ಜೋಡಿಸಿ ಹೊರತೆಗೆದಾಗ ತೂಗಿದ್ದು 480. ಗ್ಯಾಸ್ ಹೆಚ್ಚಾದರೆ ತಂಪು ಹೆಚ್ಚುವುದಿಲ್ಲ, ಇಳಿಯುತ್ತದೆ. ಪಾಯಸಕ್ಕೆ ಬೆಲ್ಲ ಸುರಿದಂತೆ ಸುರಿಯುವ ಪದಾರ್ಥವಲ್ಲ ಅದು. ಹುಡುಗ ವೈರು ಬೆಸೆದ, ಅರ್ಧ ಗಂಟೆ ವ್ಯಾಕ್ಯೂಮ್ ಹಿಡಿದು ಒಳಗಿನ ಗಾಳಿ, ತೇವ ತೆಗೆದ, ಚೀಟಿಯಲ್ಲಿದ್ದಷ್ಟನ್ನೇ ತೂಗಿ ತುಂಬಿದ. ತೇವ ಉಳಿದಿದ್ದರೆ ಆ ಸೂಜಿಗಣ್ಣಿನ ವಾಲ್ವಲ್ಲೇ ಮಂಜುಗಡ್ಡೆ ಕಟ್ಟಿ, ತಂಪು ಬಂದು ಬಂದು ಹೋಗುತ್ತಿತ್ತು.

ಎಂಜಿನ್ ಶುರುವಾಯಿತು. ಟಿಕ್ ಎಂದು ಕ್ಲಚ್ ಕೂತಿತು. ನಿಂತ ಜಾಗದಲ್ಲೇ, ಗಾಳಿಕಿಂಡಿಗೆ ಸಿಕ್ಕಿಸಿದ ಥರ್ಮಾಮೀಟರ್ 8 ಡಿಗ್ರಿಗೆ ಇಳಿಯಿತು. ಕಾರಿನಡಿ ನೀರು ತೊಟ್ಟಿಕ್ಕುವುದನ್ನು ಕಂಡು ಮಾಲೀಕರು “ಅಯ್ಯೋ, ಗ್ಯಾಸ್ ಸೋರ್ತಿದೆ!” ಎಂದು ಕೂಗಿದರು. ಅದು ತಣ್ಣನೆಯ ಕಾಯಿಲ್ ಬೆವರಿದ ನೀರು, ಎ.ಸಿ. ಚೆನ್ನಾಗಿರುವುದರ ಗುರುತು.

ಕೊನೆಗೆ ಓದುಗರಿಗೆ ಏನಾದರೂ ಹೇಳುವುದಿದೆಯೇ ಎಂದು ಪ್ರತಿನಿಧಿ ಕೇಳಿದರು. “ಮುಂದಿನ ಸಲ ಯಾರಾದ್ರೂ ‘ಗ್ಯಾಸ್ ಕಮ್ಮಿ’ ಅಂದ್ರೆ, ಮೊದಲು ಫ್ಯಾನ್ ತಿರುಗ್ತಿದೆಯಾ ನೋಡಿ. ಆಮೇಲೆ ಎಷ್ಟು ಗ್ರಾಂ ಇತ್ತು, ಎಷ್ಟು ಹಾಕಿದ್ರು ಅಂತ ಬಿಲ್ಲಲ್ಲಿ ಬರೆಸಿಕೊಳ್ಳಿ.”